ಪೊರೆ ಗಟ್ಟಿ ಮಾಡುವ ಫಲಕ

ಕ್ಯಾನ್ಸರ್ ಆಸ್ಪತ್ರೆಯ ಆರೋಗ್ಯ ಮಾಹಿತಿ ವಿಭಾಗದ ಮುಖ್ಯಸ್ಥರೇ,

ಕಿಮೊ ವಾರ್ಡಿನ ಎದುರು ನೀವು ಹಾಕಿಸಿರುವ ಫಲಕ ನನ್ನ ಚಿಕ್ಕಮ್ಮನನ್ನು ಉಪವಾಸ ಕೆಡವಿದೆ. ಪತ್ರವನ್ನು ‘ಮಾನ್ಯರೇ’ ಎಂದು ಶುರು ಮಾಡಬೇಕಿತ್ತು. ಆ ಪದವನ್ನು ಫಲಕ ಇಳಿಯುವ ದಿನಕ್ಕೆ ಎತ್ತಿಟ್ಟಿದ್ದೇನೆ.

ಫಲಕ ನೋಡಲು ಚೆನ್ನಾಗಿದೆ, ತೊಂದರೆಯೂ ಅದೇ. ಹಿಂದಿನಿಂದ ಬೆಳಕು, ಗುಂಡನೆಯ ಅಕ್ಷರ. ‘ಕೊಬ್ಬು ಜೀವಕೋಶದ ಪೊರೆಯನ್ನು ಮೆತ್ತಗಾಗಿಸುತ್ತದೆ. ಮೆತ್ತಗಿನ ಪೊರೆಯಿಂದ ಕ್ಯಾನ್ಸರ್ ಹರಡುತ್ತದೆ. ಎಣ್ಣೆ ಬಿಡಿ, ಬೆಣ್ಣೆ ಬಿಡಿ, ಮೊಟ್ಟೆ ಬಿಡಿ. ಪೊರೆ ಗಟ್ಟಿ ಮಾಡಿ!’ ಕೆಳಗೆ ತೋಳು ಮಡಿಸಿ ಶಕ್ತಿ ತೋರಿಸುತ್ತಿರುವ ಒಂದು ಜೀವಕೋಶ, ಅದಕ್ಕೆ ನಗುಮುಖ ಬೇರೆ. ಕೈಗೆ ಸೂಜಿ ಚುಚ್ಚಿಸಿಕೊಂಡು ಗಂಟೆಗಟ್ಟಲೆ ಕೂರುವವರಿಗೆ ಗಾಜಿನ ಬಾಗಿಲಾಚೆ ಕಾಣುವುದು ಇದೊಂದೇ.

ನನ್ನ ಚಿಕ್ಕಮ್ಮ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ನಮ್ಮ ಬಡಾವಣೆಯ ಎಷ್ಟೋ ಹೆಂಗಸರು ಅವಳ ಬೈಗುಳ ತಿಂದೇ ಸ್ಟಿಯರಿಂಗ್ ಹಿಡಿದವರು. ಅವಳ ಮೊದಲ ಪಾಠ ಹೀಗಿರುತ್ತದೆ: “ಬೋರ್ಡ್ ಹಾಕಿದಾರೆ ಅಂದ್ರೆ ವಾದ ಬೇಡ. ಗುಂಡಿ ಇದೆಯೋ ಇಲ್ವೋ ಅಂತ ನೋಡಕ್ಕೆ ಹೋಗೋನು ಗುಂಡೀಲೇ ಇರ್ತಾನೆ.” ಅಂಥವಳು ನಿಮ್ಮ ಫಲಕವನ್ನು ಪಾಲಿಸದೆ ಇರುತ್ತಾಳೆಯೇ? ಮೊದಲು ಎಣ್ಣೆ, ಬೆಣ್ಣೆ, ಮೊಟ್ಟೆ ಹೋದವು. ಆಮೇಲೆ ಫಲಕ ಕೇಳದಿದ್ದರೂ ಹಾಲು, ಬಾದಾಮಿ ಹೋದವು. ಚಿಕ್ಕಪ್ಪ ಗೋಗರೆದ: “ಒಂದು ಮೊಟ್ಟೆ ತಿಂದ್ರೆ ಲೋಕ ಮುಳುಗುತ್ತೇನೇ?”

“ಒಂದೇ ಒಂದು ಸಲ ಅಂತ ನೋ ಎಂಟ್ರಿಗೆ ನುಗ್ಗಿ ಲೈಸೆನ್ಸ್ ಕಳ್ಕೊಂಡೋರು ಯಾರ್ರೀ? ನೀವೇ ತಾನೇ?”

ಹೋದ ವಾರ ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮದ್ದು ಕೊಡುವುದಿಲ್ಲ ಎಂದರು. “ಈ ಮೈ ತಡ್ಕೊಳ್ಳಲ್ಲಮ್ಮ. ಏನು ತಿಂತಿದೀರಿ?” ಚಿಕ್ಕಮ್ಮ ಬಾಗಿಲಾಚೆ ಫಲಕದ ಕಡೆ ಬೆರಳು ತೋರಿಸಿದಳು. ಡಾಕ್ಟರು ತಿರುಗಿ ಓದಿದರು, ಬಹುಶಃ ಮೊದಲ ಸಲ. “ಇದನ್ನ ಯಾರ್ ಹಾಕಿದ್ದು?” ನರ್ಸ್ ನಿಮ್ಮ ಕೊಠಡಿಯಿರುವ ಮೇಲಿನ ಮಹಡಿಯ ಕಡೆ ನೋಡಿದರು. ಕಿಮೊ ಮುಂದಕ್ಕೆ ಹೋಯಿತು. ಗಡ್ಡೆ ಮಾತ್ರ ಅವಳಿಗಾಗಿ ಕಾಯುತ್ತಾ ಕೂತಿಲ್ಲ.

ಡಾಕ್ಟರು ಅವತ್ತು ನಮಗೆ ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಜೀವಕೋಶದ ಪೊರೆ ಗೋಡೆಯಲ್ಲ. ಅದು ಕೊಬ್ಬಿನ ಕಣಗಳ ಎರಡು ಪದರ, ಕಣಗಳು ಸದಾ ಸರಿದಾಡುತ್ತಿರುತ್ತವೆ. ಕೆಲವು ಕ್ಯಾನ್ಸರ್‌ಗಳಲ್ಲಿ ಪೊರೆ ಹೆಚ್ಚು ಸಡಿಲವಾಗಿ, ಕೋಶ ಇಕ್ಕಟ್ಟಿನಲ್ಲಿ ನುಸುಳಿ ಬೇರೆ ಅಂಗಕ್ಕೆ ಹೋಗಲು ಅನುಕೂಲವಾಗುತ್ತದೆ. ಇಷ್ಟು ನಿಜ. ಆದರೆ ಮದ್ದಿಗೆ ಬಗ್ಗದ ಕೆಲವು ಕೋಶಗಳಲ್ಲಿ ಅದೇ ಪೊರೆ ಬಿಗಿದುಕೊಂಡು ಮದ್ದನ್ನೇ ಒಳಗೆ ಬಿಡುವುದಿಲ್ಲವಂತೆ. ಈಗ ಹೇಳಿ, ನಮ್ಮ ಚಿಕ್ಕಮ್ಮ ಯಾವ ಪೊರೆಯನ್ನು ಗಟ್ಟಿ ಮಾಡಬೇಕು? ಇನ್ನೊಂದು ತಮಾಷೆ: ಬೆಣ್ಣೆಯಲ್ಲಿ ಹೆಚ್ಚಾಗಿರುವ ಬಗೆಯ ಕೊಬ್ಬು ಪೊರೆ ಸೇರಿದರೆ ಒತ್ತೊತ್ತಾಗಿ ಕೂತು ಅದನ್ನು ಬಿಗಿ ಮಾಡುವಂಥದ್ದು. ನಿಮ್ಮ ಫಲಕಕ್ಕೆ ತನ್ನ ಸುಳ್ಳನ್ನೂ ನೆಟ್ಟಗೆ ಹೇಳಲು ಬಂದಿಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಬಗ್ಗೆ ಯಾರೋ ಎಚ್ಚರಿಕೆಯಿಂದ ಬರೆದದ್ದನ್ನು ಊಟದ ತಟ್ಟೆಗೆ ಆಜ್ಞೆಯಾಗಿ ಬಡಿಸಿದವರು ನೀವು.

ಇದನ್ನೆಲ್ಲ ಹೇಳಲು ನಿಮ್ಮ ಕೊಠಡಿಗೆ ಬಂದಿದ್ದೆ. ಬಂದ ಕಾರಣವನ್ನು ಹೊರಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದೆ, ಅದನ್ನು ನೋಡಿ ನಾನು ಬಾಯಿ ತೆರೆಯುವ ಮೊದಲೇ ನೀವು ಮುಗಿಸಿದಿರಿ. “ಉದ್ಘಾಟನೆ ಆಗಿರೋ ಬೋರ್ಡಮ್ಮ, ಹಾಗೆಲ್ಲ ತೆಗೆಯಕ್ಕಾಗಲ್ಲ. ಏನು ಓದಿರೋದು? ಸಾಹಿತ್ಯಾನಾ? ಹಾಗಾದ್ರೆ ಎಣ್ಣೆ, ಬೆಣ್ಣೆ ಪ್ರಾಸ ಗಮನಿಸಿದ್ರಾ? ನಂದೇ.” ಗಮನಿಸಿದೆ. ಸುಳ್ಳಿಗೂ ಪ್ರಾಸ ಚೆನ್ನಾಗಿಯೇ ಕೂಡುತ್ತದೆ. ನಿಮಗೆ ನಾಚಿಕೆ ಮಾತ್ರ ಕೂಡಿ ಬರಲಿಲ್ಲ.

ಈಗ ಚಿಕ್ಕಮ್ಮನ ಹಟ ಕೇಳಿ. “ಡಾಕ್ಟ್ರು ಬಾಯಲ್ಲಿ ಹೇಳ್ತಾರೆ, ಆಸ್ಪತ್ರೆ ಬರೆದು ಹಾಕಿದೆ. ಇಬ್ಬರಲ್ಲಿ ಯಾರು ಸರಿ ಅಂತ ಅವರವರೇ ಕೂತು ತೀರ್ಮಾನ ಮಾಡ್ಕೊಳ್ಳಲಿ. ಬೋರ್ಡ್ ಇಳಿದ ದಿನ ತಿಂತೀನಿ.” ಅವಳದು ಮೊಂಡುತನ, ಒಪ್ಪುತ್ತೇನೆ. ಆದರೆ ಒಂದೇ ಆಸ್ಪತ್ರೆ ಎರಡು ನಾಲಿಗೆಯಲ್ಲಿ ಮಾತಾಡಿದರೆ ರೋಗಿ ಯಾವುದನ್ನು ನಂಬಬೇಕು? ಆ ಗಾಜಿನ ಬಾಗಿಲ ಹಿಂದೆ ಸದ್ದಿಲ್ಲದೆ ಊಟ ಬಿಟ್ಟವರು ಇನ್ನೆಷ್ಟು ಜನರಿದ್ದಾರೆ? ನೀವು ವಿಚಾರಿಸಿದ್ದೀರಾ?

ಆದ್ದರಿಂದ ಸೋಮವಾರದೊಳಗೆ ಫಲಕ ಇಳಿಸಿ. ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ, ‘ನಾವು ತಪ್ಪು ಬರೆದಿದ್ದೆವು, ಡಾಕ್ಟರು ಹೇಳಿದ್ದನ್ನು ತಿನ್ನಿ’ ಎಂದು ಹಾಕಿಸಿ. ಪ್ರಾಸ ಬೇಡ. ಆಮೇಲೆ ಮಹಡಿ ಇಳಿದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಅದನ್ನು ನೀವೇ ಓದಿ ಹೇಳಿ. ಅವಳು ಖಂಡಿತ ಬೈಯುತ್ತಾಳೆ. ಸುಮ್ಮನೆ ಕೇಳಿಸಿಕೊಳ್ಳಿ. ಬೈಯುವಷ್ಟು ತ್ರಾಣ ಅವಳಲ್ಲಿ ಇನ್ನೂ ಉಳಿದಿರುವಾಗಲೇ ಬನ್ನಿ.

ಇಂತಿ,
ನಿಮ್ಮೆದುರು ಇದರಲ್ಲಿ ಒಂದು ಮಾತೂ ಆಡಲಾಗದೆ, ‘ಥ್ಯಾಂಕ್ಸ್ ಸರ್’ ಎಂದು ಎದ್ದು ಬಂದವಳು