ಓಶುಂ ದಾಟಿ ಹೋದ ಕೈ

ಡಿಸೆಂಬರ್ 8, ಶನಿವಾರ. ಸಾಲ್ವಡೋರ್, ಬ್ರೆಜಿಲ್.

ದೇವಿ ಗ್ರಾಸಿಯೇಲಾಳನ್ನು ಆರಿಸಿದಳು. ನನ್ನನ್ನಲ್ಲ, ಅವಳನ್ನು!

ಸಾವೊ ಪಾಲೊದಿಂದ ನಮ್ಮ ಮಾನವಶಾಸ್ತ್ರ ವಿಭಾಗಕ್ಕೆ ಸಂಶೋಧನೆಗೆಂದು ಮೊನ್ನೆ ಮೊನ್ನೆ ಬಂದವಳು. ಆಫ್ರಿಕಾದಿಂದ ಬಂದ ದೇವರುಗಳನ್ನು ಪೂಜಿಸುವ ಈ ಕಾಂದೊಂಬ್ಲೆ ಗುಡಿಗೆ ಅವಳನ್ನು ಕರೆತಂದವಳೇ ನಾನು. ಅವಳುಟ್ಟಿದ್ದ ಬಿಳಿ ಲಂಗ ಕೂಡ ನನ್ನದೇ. ನಾನೋ, ಈ ಅಂಗಳದಲ್ಲೇ ಅಂಬೆಗಾಲಿಟ್ಟವಳು.

ಸಂಜೆ ಡೋಲಿನ ಸದ್ದು ಏರುತ್ತಿದ್ದಂತೆ ಕುಣಿಯುತ್ತಿದ್ದ ಭಕ್ತೆ ಜಸೀರಾಳ ಮೈಮೇಲೆ ಓಶುಂ ದೇವಿ ಬಂದಳು. ಕುಣಿಯುತ್ತ ನಮ್ಮ ಬೆಂಚಿನ ಕಡೆಗೇ ಬಂದಳು. ನಾಚಿಕೆಯಿಲ್ಲದೆ ನಾನು ಕೈಯನ್ನು ತುಸು ಮುಂದೆ ಚಾಚಿದೆ. ಅದನ್ನು ದಾಟಿ ಹೋಗಿ ಗ್ರಾಸಿಯೇಲಾಳನ್ನು ಕೈಹಿಡಿದು ಎಬ್ಬಿಸಿದಳು. ಹಾಗೆ ಎಬ್ಬಿಸಿದವಳೇ ದೇವಿಯ ಸೇವಕಿ; ಇನ್ನು ಬದುಕಿರುವವರೆಗೂ, ದೇವಿ ಮೈಮೇಲೆ ಬಂದಾಗಲೆಲ್ಲ ಅವಳ ಬೆವರೊರೆಸುವ ಭಾಗ್ಯ ಗ್ರಾಸಿಯೇಲಾಳದು.

"ಅಯ್ಯೋ, ನಂಗೇನೂ ಗೊತ್ತಿಲ್ಲ ಕಣೇ!" ಎಂದು ನನ್ನನ್ನೇ ತಬ್ಬಿಕೊಂಡು ಅತ್ತಳು. ಅವಳಿಗೇನೂ ಗೊತ್ತಿಲ್ಲವೆಂದು ನನಗೆ ಗೊತ್ತಿಲ್ಲವೇ?

ಊಟಕ್ಕೆ ಕೂತಾಗ ಗುಡಿಯ ಹಿರಿಯಮ್ಮ ವಲ್ದೇತೆ ನನ್ನ ತಟ್ಟೆಯ ಅಲಸಂದೆಯ ಮೇಲೆ ಇನ್ನೊಂದು ಮೊಟ್ಟೆ ಇಡುತ್ತ, "ಯಾಕೆ ಮಗಳೇ ಮುಖ ಊದಿಸ್ಕೊಂಡಿದ್ದೀಯ? ಬರ್ಕೊಳ್ಳೋಕೆ ಬೇಕಾದಷ್ಟು ಸಿಕ್ತಲ್ಲ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬರೆದುಕೊಳ್ಳುವುದೇನು, ಬರೆದಾಗಿದೆ. ಆರಿಸುವುದು ದೇವಿಯಲ್ಲ, ಹಿರಿಯಮ್ಮ ಮನಸ್ಸಿನಲ್ಲಿಟ್ಟುಕೊಂಡವರ ಕೈಯನ್ನೇ ದೇವಿ ಹಿಡಿಯುತ್ತಾಳೆ ಎಂದು ನನ್ನ ಪ್ರಬಂಧದಲ್ಲಿ ವಾದಿಸಿದ್ದೇನೆ. ಮೇಷ್ಟ್ರು ಬಹಳ ಮೆಚ್ಚಿಕೊಂಡಿದ್ದರು.

ಹಾಗಾದರೆ ಇವತ್ತು ನನ್ನನ್ನು ಬೇಡವೆಂದದ್ದು ವಲ್ದೇತೆ ಅಮ್ಮ. ಹೆತ್ತವಳು ಸತ್ತ ಮೇಲೆ ತುತ್ತಿಟ್ಟು ಸಾಕಿದವರು.

ಬೇಡ. ಓಶುಂ ತಾಯಿ, ನಾನು ಬರೆದದ್ದೆಲ್ಲ ಸುಳ್ಳಾಗಲಿ. ನನ್ನನ್ನು ದಾಟಿ ಹೋದದ್ದು ನೀನೇ ಆಗಿರಲಿ.