ಬುಕ್ಕಾಂಬುಧಿ ಕೆರೆಯ ಮೇಲೆ ನಾನಿಟ್ಟ ಚುಕ್ಕೆಗಳು

ಮೇಷ್ಟ್ರೇ,

ನಿಮ್ಮ ಕೊನೆಯ ಚಿತ್ರವನ್ನು ನಾನು ಹಾಳುಮಾಡಿದೆ. ಅದನ್ನು ಹೇಳದೆ ಬೇರೆ ಸಮಾಚಾರ ಬರೆಯಲು ಕೈ ಏಳಲಿಲ್ಲ.

ಅಜ್ಜಂಪುರದ ಡ್ರಾಯಿಂಗ್ ಕ್ಲಾಸಿನಲ್ಲಿ ನಾನು ಹಳದಿಗೆ ನೀಲಿ ಕಲಸಿ ಹಸಿರು ಮಾಡುತ್ತಿದ್ದಾಗ ನೀವು ತಟ್ಟೆ ಕಸಿದುಕೊಂಡಿರಿ. ಹಳದಿ ಚುಕ್ಕೆಗಳ ಪಕ್ಕಪಕ್ಕದಲ್ಲೇ ನೀಲಿ ಚುಕ್ಕೆಗಳನ್ನಿಟ್ಟು, ನನ್ನನ್ನು ಗೋಡೆಯವರೆಗೆ ಹಿಂದೆ ಸರಿಸಿದಿರಿ. "ಕಲ್ಸೋದು ಕೈಯಲ್ಲ ಕಣೋ, ಕಣ್ಣು," ಅಂದಿರಿ. ನಿಜಕ್ಕೂ ಅಲ್ಲೊಂದು ಹಸಿರು ಕಂಡಿತು. ಅಷ್ಟು ಕಲಿತವನು ಉಳಿದದ್ದನ್ನೇಕೆ ಕಲಿಯಲಿಲ್ಲ?

ನೀವು ತೀರಿಹೋದ ಮೇಲೆ ನಿಮ್ಮ ಮನೆಯವರು, ಅಮ್ಮನವರು, ಆ ಚಿತ್ರವನ್ನು ನನ್ನ ಕೈಗಿಟ್ಟರು. ಬುಕ್ಕಾಂಬುಧಿ ಕೆರೆ. ಏರಿ, ತೆಂಗಿನ ಸಾಲು, ದೂರದ ಗುಡ್ಡ, ಎಲ್ಲ ಚುಕ್ಕೆಗಳಲ್ಲೇ. ನೀರಿನ ಎಡಭಾಗದಲ್ಲಿ ಮಾತ್ರ ಚುಕ್ಕೆಗಳು ವಿರಳವಾಗುತ್ತ ಹೋಗಿ ಬರೀ ಹಾಳೆ ಉಳಿದಿತ್ತು. ಕಾಯಿಲೆ ಮುಗಿಸಲು ಬಿಡಲಿಲ್ಲ ಅಂದುಕೊಂಡೆ. ತರೀಕೆರೆಯಲ್ಲಿ ನಡೆಯಲಿದ್ದ ಚಿತ್ರಪ್ರದರ್ಶನದಲ್ಲಿ ಅರ್ಧ ಚಿತ್ರ ಇಟ್ಟರೆ ನಿಮಗೇ ಅವಮಾನ ಅನ್ನಿಸಿ, ನಾಲ್ಕು ದಿನ ಕೂತು ಅಲ್ಲೆಲ್ಲ ನೀಲಿ, ನೇರಳೆ ತುಂಬಿದೆ. ಗುರುಸೇವೆ ಅಂದುಕೊಂಡೇ ಮಾಡಿದೆ. ಅಥವಾ...

ಪ್ರದರ್ಶನದ ದಿನ ಕಾಲೇಜಿನ ಅಧ್ಯಾಪಕರೊಬ್ಬರು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಕತ್ತಲಾಗುವ ಮುಂಚಿನ ದುಗುಡ ಇದರಲ್ಲಿದೆ, ಸಾವು ಹತ್ತಿರವಾದವರು ಮಾತ್ರ ನೀರನ್ನು ಹೀಗೆ ನೋಡಬಲ್ಲರು ಅಂದರು. ನಾನು ತಲೆಯಾಡಿಸಿದೆ. ಅವರು ಬೆರಳು ಮಾಡಿ ತೋರಿಸಿದ್ದು ನನ್ನ ಚುಕ್ಕೆಗಳನ್ನು, ಮೇಷ್ಟ್ರೇ. ಒಳಗೊಳಗೇ ಹಿಗ್ಗೂ ಆಯಿತು. ಅದನ್ನು ನಿಮಗೆ ಹೇಗೆ ಬರೆಯಲಿ?

ಅಮ್ಮನವರು ಬಂದದ್ದು ಊಟದ ಹೊತ್ತಿಗೆ. ಹತ್ತಿರ ಹೋದರು, ಹಿಂದೆ ಬಂದರು, ಮತ್ತೆ ಹತ್ತಿರ ಹೋದರು.

"ಇಲ್ಲಿ ಬಿಸ್ಲಿತ್ತಲ್ಲಪ್ಪ, ಎಲ್ಲೋಯ್ತು?" ಎಂದರು.

ನೀವು ನಡುಮಧ್ಯಾಹ್ನ ಏರಿಯ ಮೇಲೆ ಕೂತು ಬರೆದದ್ದು, ನೀರು ಕಣ್ಣಿಗೆ ಹೊಡೆಯುವ ಜಾಗವನ್ನು ಬೇಕೆಂದೇ ಮುಟ್ಟದೆ ಬಿಟ್ಟದ್ದು, ಚಿತ್ರ ಮುಗಿಯಿತೆಂಬ ಖುಷಿಯಲ್ಲಿ ಪಾಯಸ ಮಾಡಿಸಿಕೊಂಡು ಉಂಡದ್ದು, ಎಲ್ಲ ಅವರ ಬಾಯಿಂದ ಆಗ ತಿಳಿಯಿತು. ತುಂಬಿದವನು ನಾನೇ ಎಂದು ಅಲ್ಲೇ ಒಪ್ಪಿಕೊಂಡೆ.

"ಅವ್ರಿದ್ದಿದ್ರೆ ಬೈತಿದ್ರು. ನಂಗೆ ಬೈಯಕ್ಕೆ ಬರಲ್ಲ ಕಣಪ್ಪ," ಎಂದು ಕುರ್ಚಿಯಲ್ಲಿ ಕೂತುಬಿಟ್ಟರು.

ಬಣ್ಣ ಕೆರೆದರೆ ಹಾಳೆಯೇ ಹರಿಯುತ್ತದೆ. ಒಂದು ಚೀಟಿ ಬರೆದು ಚಿತ್ರದ ಪಕ್ಕ ಅಂಟಿಸಿದೆ: 'ಎಡಗಡೆಯ ನೀರು ಮೇಷ್ಟ್ರು ಬರೆದದ್ದಲ್ಲ, ಶಿಷ್ಯ ರುದ್ರೇಶ ತುಂಬಿದ್ದು. ಅವರು ಅಲ್ಲಿ ಬಿಸಿಲನ್ನು ಬಿಟ್ಟಿದ್ದರು.' ಅಮ್ಮನವರು ನನ್ನಿಂದಲೇ ಅದನ್ನು ಓದಿಸಿ ಕೇಳಿಸಿಕೊಂಡರು. ಒಳ್ಳೆಯದಾಯಿತು ಎನ್ನಲಿಲ್ಲ. ಸಂಜೆ ಊರಿಗೆ ಹಿಂತಿರುಗುವಾಗ ಅಜ್ಜಂಪುರದ ಬಸ್ಸಿನಲ್ಲಿ ಬೇಕಾದಷ್ಟು ಸೀಟು ಖಾಲಿಯಿದ್ದವು. ಅವರು ನನ್ನ ಪಕ್ಕದಲ್ಲೇ ಬಂದು ಕೂತರು.