ನೀರಿನಲ್ಲಿ ಕರಗಬಲ್ಲ

ಜೂನ್ ೪

‘ಸಾಲಿಡ್’ ಮುಗಿಯಿತು. ಇವತ್ತು ‘ಸಾಲ್ಯುಬಲ್’. ಮಕ್ಕಳ ಇಂಗ್ಲಿಷ್ ನಿಘಂಟಾದರೂ ಆಫೀಸಿನ ನಿಯಮ ಬಿಗಿ — ಉದಾಹರಣೆ ವಾಕ್ಯದಲ್ಲಿ ಸುಳ್ಳು ಇರಕೂಡದು. ಅನುಮಾನವಿದ್ದರೆ ಮೇಜಿನ ಮೇಲೇ ಮಾಡಿ ನೋಡಬೇಕು. ‘ಬೌನ್ಸ್’ಗಾಗಿ ಚೆಂಡು ಪುಟಿಸಿ ಅಕ್ಕ ಬೈಸಿಕೊಂಡಿದ್ದಳು. ಎದುರಿನ ಕುರ್ಚಿ ಅವಳದು. ತೀರಿಹೋಗಿ ತಿಂಗಳಾಯಿತು. ಯಾರೂ ಕೂರುವುದಿಲ್ಲ.

ಅರ್ಥ ‘ಕರಗಿದ’ ಎಂದು ಬರೆದಿದ್ದೆ. ಸಂಪಾದಕರು ಹೊಡೆದುಹಾಕಿದರು. “ಕರಗಿದ ಅಲ್ಲಮ್ಮ, ಕರಗಬಲ್ಲ. ಡಬ್ಬದಲ್ಲಿರೋ ಸಕ್ಕರೆ ಇನ್ನೂ ಕರಗಿಲ್ಲ. ಆದ್ರೂ ಸಾಲ್ಯುಬಲ್ಲೇ.”

ಸಂಜೆ ಭಾವ ಬೂದಿಯ ಡಬ್ಬಿ ಒರೆಸುತ್ತಾ ಕೂತಿದ್ದರು. “ಭಾನುವಾರ ಕೆರೆಗೆ ಬಿಟ್ಬಿಡೋಣ ಪುಟ್ಟಿ. ಎಷ್ಟು ದಿನ ಅಂತ ಇಟ್ಕೊಳ್ಳೋದು? ನೀರಲ್ಲಿ ಕರಗಿಹೋಗ್ಲಿ ನಿಮ್ಮಕ್ಕ.”

ಕರಗಿದರೆ ಅಕ್ಕ ಪೂರ್ತಿ ಇಲ್ಲ. ನನಗೆ ಬೇಡ.

ಜೂನ್ ೫

ಡಬ್ಬಿಯಿಂದ ಒಂದು ಚಿಟಿಕೆ ಕದ್ದು ಆಫೀಸಿಗೆ ಒಯ್ದೆ. ಮೂರು ಲೋಟ. ಉಪ್ಪು ಕರಗಿತು. ಸಕ್ಕರೆ ಕರಗಿತು. ಮೂರನೆಯದು... ಕಲಕಿದೆ, ಕಲಕಿದೆ. ತಳದಲ್ಲಿ ಬಿಳಿಯಾಗಿ ಕೂತಿತು. ನಕ್ಕುಬಿಟ್ಟೆ, ಹುಚ್ಚಿಯಂತೆ.

“ಅದೇನಮ್ಮ, ಸೀಮೆಸುಣ್ಣಾನಾ?” ಎಂದರು ಸಂಪಾದಕರು.

“ಹೂಂ ಸರ್.”

ಎದುರಿನ ಕುರ್ಚಿ ಕಿರ್ ಎಂದಿತು. ಫ್ಯಾನ್ ಗಾಳಿ ಇರಬೇಕು. ಫ್ಯಾನ್ ಹಾಕಿರಲಿಲ್ಲ.

ಜೂನ್ ೬

ಬರೆಯುವಾಗ ಹೆಗಲ ಹಿಂದೆ ಯಾರೋ ಓದುತ್ತಿರುವ ಹಾಗೆ. ತಿರುಗಿದರೆ ಗೋಡೆ. ಅಕ್ಕನಿಗೆ ಮೊದಲಿಂದಲೂ ಇಣುಕುವ ಚಾಳಿ. ಸಂತೋಷಪಡಬೇಕು ತಾನೆ? ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದೇನೆ. ಕರಗದಿದ್ದರೆ ಅವಳು ಹೋಗುವುದಾದರೂ ಎಲ್ಲಿಗೆ? ಇದನ್ನು ಯೋಚಿಸಿಯೇ ಇರಲಿಲ್ಲ.

ಭಾನುವಾರ, ಮಧ್ಯಾಹ್ನ

ಆಯಿತು. ಮೊಣಕಾಲುದ್ದ ನೀರಿಗಿಳಿದು ನಾನೇ ಸುರಿದೆ. ಭಾವ ದಡದಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. “ಕರಗಿದ್ಲಾ?”

“ಹೂಂ ಭಾವ.”

ಇನ್ನೊಂದು ಸುಳ್ಳು. ಒಂದಿಷ್ಟು ತೇಲಿತು. ಉಳಿದದ್ದು ಇಳಿದು ನನ್ನ ಪಾದದ ಸುತ್ತ ಕೂತಿತು. ಎಳೆದುಕೊಂಡು ಬಂದೆ ಕಾಲನ್ನು.

ಮನೆಗೆ ಬಂದು ಬಕೆಟ್ಟಿನಲ್ಲಿ ಕಾಲು ತೊಳೆದೆ. ಊಟ ಸೇರಲಿಲ್ಲ. ಎದ್ದು ಹೋಗಿ ಬಕೆಟ್ ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ಕಾಲ್ಬೆರಳ ಸಂದಿಯಿಂದ ಉದುರಿದ ಬಿಳಿ. ಎರಡು ಸಲ ಎತ್ತಿದೆ, ಎರಡು ಸಲ ಇಳಿಸಿದೆ. ಅಕ್ಕನನ್ನು ಮೋರಿಗೆ ಹೇಗೆ ಚೆಲ್ಲಲಿ? ಚೆಲ್ಲದೆ ಇವಳ ಜೊತೆ ಒಂದೇ ಮನೆಯಲ್ಲಿ ಹೇಗೆ ಮಲಗಲಿ? ಬಚ್ಚಲಲ್ಲೇ ಕೂತು ಬರೆಯುತ್ತಿದ್ದೇನೆ.

ಭಾವ ಹೊರಗಿನಿಂದ ಕೂಗುತ್ತಿದ್ದಾರೆ — “ಪುಟ್ಟೀ, ಯಾರ ಜೊತೆ ಮಾತಾಡ್ತಿದೀಯಾ?”

ನಾನು ಬಾಯಿಯೇ ತೆರೆದಿಲ್ಲ. ಅಕ್ಕಾ, ಅವರಿಗೆ ಕೇಳಿಸುವ ಹಾಗೆ ಏನು ಹೇಳಿದೆ ನೀನು?